ಮುಟ್ಟು, ಸೊಂಟ, ಜೀವಕೋಶದ ವಯಸ್ಸು

ರಾಮನಾಥಪುರದ ಸುತ್ತಿನ ಹಳ್ಳಿಗಳಲ್ಲಿ ಹೊಗೆಸೊಪ್ಪಿನ ಕಾಲವೆಂದರೆ ಹೆಂಗಸರ ದುಡಿಮೆಯ ಕಾಲ. ಬೇಸಿಗೆಯಲ್ಲಿ ಸಸಿಮಡಿಗೆ ನೀರು ಹಾಕುವುದರಿಂದ ಅದು ಶುರುವಾಗುತ್ತದೆ. ಮುಂಗಾರಿನ ಹದಕ್ಕೆ ನಾಟಿ, ಆಮೇಲೆ ಕಳೆ, ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿನಲ್ಲಿ ಹದವಾಗಿ ಬಂದ ಎಲೆಯನ್ನು ಬಣ್ಣ ನೋಡಿ ವಿಂಗಡಿಸುವುದು. ಹರಾಜು ಮಾರುಕಟ್ಟೆಗೆ ಬೇಲು ಹೋಗುವ ತನಕ ಅವರ ಕೈಗೆ ಬಿಡುವಿಲ್ಲ. ಹೀಗೆ ಕೂತು ಕೆಲಸ ಮಾಡುವವರಲ್ಲಿ ನಲವತ್ತು ದಾಟಿದವರ ಮಾತಿಗೆ ಕಿವಿಗೊಡಿ. ಮಂಡಿ ನೋವು, ರಾತ್ರಿ ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯಾಗಿ ಬೆವರು, ನಿದ್ದೆ ಇಲ್ಲ, ಊಟ ಮೊದಲಿನಷ್ಟೇ ಇದ್ದರೂ ಹೊಟ್ಟೆ ಮಾತ್ರ ಮುಂದೆ ಬಂದಿದೆ. ಇದಕ್ಕೆಲ್ಲ ಮನೆಯಲ್ಲಿ ಸಿಗುವ ಉತ್ತರ ಒಂದೇ: "ವಯಸ್ಸಾಯ್ತಲ್ಲ."

ನಲವತ್ತೈದಕ್ಕೇ ವಯಸ್ಸಾಯಿತೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆಧಾರ್ ಕಾರ್ಡಿನಲ್ಲಿರುವ ವಯಸ್ಸು ಬೇರೆ, ದೇಹದ ಜೀವಕೋಶಗಳ ವಯಸ್ಸು ಬೇರೆ. ಒಂದೇ ವರ್ಷ ಹುಟ್ಟಿದ ಇಬ್ಬರು ಹೆಂಗಸರ ಜೀವಕೋಶಗಳು ಹಲವು ವರ್ಷ ಹಿಂದೆ ಮುಂದೆ ಇರಬಹುದು. ಆ ಅಂತರಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಎರಡು ಹೆಣ್ಣಿನ ದೇಹಕ್ಕೆ ತೀರ ಹತ್ತಿರದವು. ಒಂದು, ಅವಳ ಮುಟ್ಟು ಯಾವಾಗ, ಹೇಗೆ ನಿಂತಿತು ಎಂಬುದು. ಇನ್ನೊಂದು, ಕೊಬ್ಬು ಎಲ್ಲಿ ಸೇರಿತು ಎಂಬುದು. ಇವೆರಡನ್ನೂ ನಮ್ಮ ಹಳ್ಳಿಗಳಲ್ಲೇ ಕೇಳಿ, ಅಳೆದು ತಿಳಿಯಬಹುದು. ಎರಡನ್ನೂ ನಾವು ಗಮನಿಸದೆ ಬಿಟ್ಟಿದ್ದೇವೆ ಎಂಬುದೇ ಈ ಬರಹದ ಕಳವಳ.

ಮೊದಲು ಜೀವಕೋಶದ ವಯಸ್ಸು ಎಂದರೇನು ನೋಡೋಣ. ಮನುಷ್ಯನ ಸಾಮಾನ್ಯ ಜೀವಕೋಶಗಳು ಎಷ್ಟು ಬಾರಿ ಬೇಕಾದರೂ ಒಡೆದು ಎರಡಾಗುತ್ತಾ ಹೋಗಬಲ್ಲವು ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. 1961ರಲ್ಲಿ ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಅದು ಸುಳ್ಳೆಂದು ತೋರಿಸಿದರು. ಸುಮಾರು ಐವತ್ತು ವಿಭಜನೆಗಳ ನಂತರ ಜೀವಕೋಶ ನಿಂತುಬಿಡುತ್ತದೆ. ಸಾಯುವುದಿಲ್ಲ, ಆದರೆ ಮತ್ತೆ ಒಡೆಯುವುದೂ ಇಲ್ಲ. ಹಾಗೆ ನಿಲ್ಲುವುದಕ್ಕೆ ಒಂದು ಮುಖ್ಯ ಕಾರಣ ವರ್ಣತಂತುಗಳ ತುದಿಯಲ್ಲಿದೆ. ಕೊಟ್ಟಿಗೆಯ ಹಗ್ಗದ ತುದಿ ಬಿಚ್ಚಿ ಎಳೆಎಳೆಯಾಗದಂತೆ ಗಂಟು ಹಾಕುತ್ತೇವಲ್ಲ, ಹಾಗೆ ಪ್ರತಿ ವರ್ಣತಂತುವಿನ ಕೊನೆಗೂ ಒಂದು ರಕ್ಷಣೆ ಇದೆ. ಅದೇ ಟೆಲೋಮಿಯರ್. ಅದು ಟಿಟಿಎಜಿಜಿಜಿ ಎಂಬ ಆರು ಅಕ್ಷರಗಳ ಒಂದೇ ಪದ ಸಾವಿರಾರು ಬಾರಿ ಮರುಕಳಿಸುವ ಡಿಎನ್ಎ ತುಣುಕು. ಜೀವಕೋಶ ಒಡೆದಾಗಲೆಲ್ಲ ಅದರ ಒಂದಿಷ್ಟು ಭಾಗ ಸವೆಯುತ್ತದೆ. ತೀರ ಗಿಡ್ಡವಾದಾಗ ಜೀವಕೋಶ ಕೆಲಸ ನಿಲ್ಲಿಸುತ್ತದೆ.

ಸವೆದದ್ದನ್ನು ಮತ್ತೆ ಕಟ್ಟುವ ಕಿಣ್ವವೂ ಒಂದಿದೆ. 1984ರಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಅವರ ವಿದ್ಯಾರ್ಥಿನಿ ಕ್ಯಾರಲ್ ಗ್ರೈಡರ್ ನೀರಿನಲ್ಲಿ ಬದುಕುವ ಟೆಟ್ರಾಹೈಮಿನಾ ಎಂಬ ಏಕಕೋಶ ಜೀವಿಯಲ್ಲಿ ಅದನ್ನು ಕಂಡುಹಿಡಿದರು. ಮುಂದೆ ಅದಕ್ಕೆ ಟೆಲೋಮರೇಸ್ ಎಂದು ಹೆಸರಾಯಿತು. ಈ ಇಬ್ಬರು ಮಹಿಳೆಯರಿಗೂ ಜ್ಯಾಕ್ ಷೋಸ್ಟಾಕ್ ಅವರಿಗೂ 2009ರ ನೊಬೆಲ್ ಪ್ರಶಸ್ತಿ ಬಂತು. ಅಂಡ, ವೀರ್ಯಾಣುಗಳನ್ನು ಹುಟ್ಟಿಸುವ ಕೋಶಗಳಲ್ಲಿ ಈ ಕಿಣ್ವ ಚುರುಕಾಗಿರುತ್ತದೆ. ಮಿಕ್ಕ ಬಹುಪಾಲು ಜೀವಕೋಶಗಳಲ್ಲಿ ಅದು ಅತಿ ಕಡಿಮೆ, ಇಲ್ಲವೇ ಇಲ್ಲ.

ಹೆಣ್ಣಿನ ಹಾರ್ಮೋನು ಈ ಕಥೆಯೊಳಗೆ ಬರುವುದು ಇಲ್ಲಿ. ಟೆಲೋಮರೇಸನ್ನು ತಯಾರಿಸುವ ವಂಶವಾಹಿಯ ಪಕ್ಕದಲ್ಲೇ ಈಸ್ಟ್ರೋಜನ್ ಬಂದು ಕೂರಬಲ್ಲ ಜಾಗವಿದೆ ಎಂದು 1999ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಅಂದರೆ ಅಂಡಾಶಯದಿಂದ ಹೊರಟ ಈಸ್ಟ್ರೋಜನ್ ಜೀವಕೋಶದೊಳಕ್ಕೆ ಹೋಗಿ ದುರಸ್ತಿಯ ಕಿಣ್ವಕ್ಕೆ ಚಾಲನೆ ಕೊಡಬಲ್ಲದು. ಈಸ್ಟ್ರೋಜನ್ ತಯಾರಿಸಲಾರದ ಇಲಿಗಳಲ್ಲಿ ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಯ ಟೆಲೋಮಿಯರ್‌ಗಳು ಗಿಡ್ಡವಾದವು. ಆ ಹಾರ್ಮೋನನ್ನು ಹೊರಗಿನಿಂದ ಕೊಟ್ಟಾಗ ಕಿಣ್ವ ಮತ್ತೆ ಚೇತರಿಸಿಕೊಂಡಿತು. ಈಸ್ಟ್ರೋಜನ್‌ಗೆ ಇನ್ನೊಂದು ಕೆಲಸವೂ ಇದೆ. ಉಸಿರಾಟದ ಆಮ್ಲಜನಕವನ್ನು ಬಳಸುವಾಗ ಜೀವಕೋಶದಲ್ಲಿ ಹುಟ್ಟುವ ಹಾನಿಕಾರಕ ಕಣಗಳ ಹೊಡೆತವನ್ನು ಅದು ತಗ್ಗಿಸುತ್ತದೆ. ಟೆಲೋಮಿಯರ್‌ನ ಆರು ಅಕ್ಷರಗಳಲ್ಲಿ ಮೂರು ಗ್ವಾನಿನ್. ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ ಈ ಕಣಗಳಿಗೆ ಬಹುಬೇಗ ಬಲಿಯಾಗುವುದು ಅದೇ. ಹೀಗಾಗಿ ವರ್ಣತಂತುವಿನ ತುದಿಗೇ ಮೊದಲ ಪೆಟ್ಟು ಬೀಳುತ್ತದೆ. ಒಂದೇ ವಯಸ್ಸಿನ ಗಂಡಸರಿಗಿಂತ ಹೆಂಗಸರ ಟೆಲೋಮಿಯರ್ ಸರಾಸರಿಯಲ್ಲಿ ಉದ್ದ. ಅದಕ್ಕೆ ಕಾರಣಗಳಲ್ಲಿ ಈಸ್ಟ್ರೋಜನ್ ಕೂಡ ಒಂದಿರಬಹುದು ಎಂದು ಹಲವು ವಿಜ್ಞಾನಿಗಳು ಎಣಿಸುತ್ತಾರೆ.

ಹಾಗಾದರೆ ಮುಟ್ಟು ನಿಂತ ಮೇಲೆ ಏನಾಗುತ್ತದೆ? ಇದನ್ನು ಇನ್ನೊಂದು ಅಳತೆಯಿಂದ ನೋಡಿದ್ದಾರೆ. ವಯಸ್ಸಾದಂತೆ ಡಿಎನ್ಎಯ ಮೇಲೆ ಅಲ್ಲಲ್ಲಿ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳು ಕೂರುತ್ತವೆ, ಕೆಲವು ಕಡೆ ಅಳಿಯುತ್ತವೆ. 2013ರಲ್ಲಿ ಸ್ಟೀವ್ ಹೋರ್ವತ್ ಅಂಥ 353 ಜಾಗಗಳನ್ನು ನೋಡಿ ಒಬ್ಬರ ವಯಸ್ಸು ಹೇಳುವ ಲೆಕ್ಕವನ್ನು ರೂಪಿಸಿದರು. ಅದನ್ನು ಎಪಿಜೆನೆಟಿಕ್ ಗಡಿಯಾರ ಎನ್ನುತ್ತಾರೆ. 2016ರಲ್ಲಿ ಮಾರ್ಗನ್ ಲೆವೀನ್, ಹೋರ್ವತ್ ಮತ್ತು ಸಂಗಡಿಗರು ಮೂರು ಸಾವಿರಕ್ಕೂ ಹೆಚ್ಚು ಹೆಂಗಸರ ಮಾದರಿಗಳನ್ನು ಈ ಲೆಕ್ಕಕ್ಕೆ ಹಚ್ಚಿದರು. ಮುಟ್ಟು ಎಷ್ಟು ಬೇಗ ನಿಂತಿತ್ತೋ ರಕ್ತದ ಜೀವಕೋಶಗಳ ವಯಸ್ಸು ಅಷ್ಟು ಮುಂದಿತ್ತು. ಮುಟ್ಟು ನಿಲ್ಲುವುದು ಜೀವಕೋಶದ ವಯಸ್ಸಿನ ಓಟವನ್ನು ಸರಾಸರಿ ಶೇ 6ರಷ್ಟು ಹೆಚ್ಚಿಸುತ್ತದೆ ಎಂಬುದು ಅವರ ಅಂದಾಜು. ತಾನಾಗಿ ಮುಟ್ಟು ನಿಂತವರಿಗಿಂತ ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯ ತೆಗೆಸಿಕೊಂಡವರಲ್ಲಿ ಈ ಓಟ ಇನ್ನೂ ಜೋರಾಗಿತ್ತು.

ಈ ಕೊನೆಯ ಮಾತು ನಮ್ಮ ಊರುಗಳಿಗೆ ನೇರವಾಗಿ ತಟ್ಟುತ್ತದೆ. ಪಶ್ಚಿಮದ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51ರ ಆಸುಪಾಸು. ಭಾರತದಲ್ಲಿ ಅದು 46–47. ಈ ನಾಲ್ಕೈದು ವರ್ಷಗಳ ವ್ಯತ್ಯಾಸದ ಮೇಲೆ ಗರ್ಭಕೋಶ ತೆಗೆಸುವ ರೂಢಿಯೂ ಬಂದು ಸೇರಿದೆ. ಹೆಚ್ಚು ರಕ್ತಸ್ರಾವ, ಬಿಳಿಮುಟ್ಟು, ಹೊಟ್ಟೆನೋವು ಎಂದು ಹೋದವರಿಗೆ "ಮಕ್ಕಳಾಗಿವೆಯಲ್ಲ, ಇನ್ನು ಯಾಕೆ ಅದು, ತೆಗೆಸಿಬಿಡಿ" ಎನ್ನುವ ಸಲಹೆ ಹಳ್ಳಿಗಳಲ್ಲಿ ಹೊಸದಲ್ಲ. ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗರ್ಭಕೋಶ ತೆಗೆಸಿಕೊಂಡ ಭಾರತೀಯ ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ಆ ಶಸ್ತ್ರಚಿಕಿತ್ಸೆ ಆದದ್ದು 34 ವರ್ಷದೊಳಗೆ. ನಮ್ಮದೇ ರಾಜ್ಯದ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ದೂರುಗಳ ಮೇಲೆ 2015ರಲ್ಲಿ ತನಿಖೆ ನಡೆಯಿತು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥವೇ ಪ್ರಕರಣಗಳ ಅರ್ಜಿಯ ಮೇಲೆ 2023ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರ್ಕಾರ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು.

ಗರ್ಭಕೋಶವನ್ನು ಮಾತ್ರ ತೆಗೆದು ಅಂಡಾಶಯ ಉಳಿಸಿದರೆ ಈಸ್ಟ್ರೋಜನ್ ಒಮ್ಮೆಲೇ ನಿಲ್ಲುವುದಿಲ್ಲ. ಆದರೂ ಅಂಥವರ ಅಂಡಾಶಯ ಉಳಿದವರಿಗಿಂತ ಸ್ವಲ್ಪ ಮುಂಚೆಯೇ ದಣಿಯುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಅಂಡಾಶಯವನ್ನೂ ತೆಗೆದರೆ ಮಾತು ಬೇರೆ. ವರ್ಷಗಟ್ಟಲೆ ನಿಧಾನವಾಗಿ ಇಳಿಯಬೇಕಿದ್ದ ಹಾರ್ಮೋನು ಒಂದೆರಡು ದಿನದಲ್ಲಿ ಕುಸಿಯುತ್ತದೆ. ಅಮೆರಿಕದ ಮೇಯೋ ಕ್ಲಿನಿಕ್ಕಿನ ದೀರ್ಘಕಾಲದ ಅಧ್ಯಯನದಲ್ಲಿ, 46 ವರ್ಷದೊಳಗೆ ಎರಡೂ ಅಂಡಾಶಯ ಕಳೆದುಕೊಂಡವರಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆ, ಸಂಧಿವಾತ, ಮೂಳೆ ಸವೆತ, ಖಿನ್ನತೆ ಮುಂತಾದ ದೀರ್ಘ ಕಾಯಿಲೆಗಳು ಬೇಗ ಬೇಗ ಒಂದರ ಮೇಲೊಂದು ಸೇರಿಕೊಂಡವು. ಕ್ಯಾನ್ಸರ್, ದೊಡ್ಡ ಗೆಡ್ಡೆ, ಔಷಧಕ್ಕೆ ಬಗ್ಗದ ರಕ್ತಸ್ರಾವ ಇದ್ದಾಗ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾತ್ರೆಯಲ್ಲೋ ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನದಲ್ಲೋ ಸರಿಹೋಗುವ ತೊಂದರೆಗೆ ಮೂವತ್ತೈದರ ಹೆಣ್ಣುಮಗಳ ಅಂಡಾಶಯ ಹೋಗಬಾರದು.

ಇನ್ನು ತೂಕದ ವಿಷಯ. 2005ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಬ್ರಿಟನ್ನಿನ 18ರಿಂದ 76 ವರ್ಷದ 1,122 ಹೆಂಗಸರ ಬಿಳಿ ರಕ್ತಕಣಗಳನ್ನು ನೋಡಿತು. ವಯಸ್ಸು ಒಂದು ವರ್ಷ ಹೆಚ್ಚಿದಂತೆ ಟೆಲೋಮಿಯರ್ ಸರಾಸರಿ 27 ಅಕ್ಷರಜೋಡಿಗಳಷ್ಟು ಗಿಡ್ಡವಾಗಿತ್ತು. ತೆಳ್ಳಗಿನವರಿಗೂ ಬೊಜ್ಜಿನವರಿಗೂ ನಡುವಿನ ಅಂತರ 240 ಅಕ್ಷರಜೋಡಿ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಎಂಟೂ ಮುಕ್ಕಾಲು ವರ್ಷಕ್ಕೂ ಹೆಚ್ಚು. ಬೊಜ್ಜಿದ್ದವರ ಜೀವಕೋಶಗಳು ಸರಿಸುಮಾರು ಅಷ್ಟು ವರ್ಷ ಮುಂದೆ ಹೋಗಿದ್ದವು.

ಇಲ್ಲಿ ಒಂದು ಒಗಟಿದೆ. ಮುಟ್ಟು ನಿಂತ ಮೇಲೆ ಹೆಣ್ಣಿನ ದೇಹದಲ್ಲಿ ಈಸ್ಟ್ರೋಜನ್ ತಯಾರಾಗುವ ಮುಖ್ಯ ಜಾಗ ಕೊಬ್ಬೇ. ಅಡ್ರಿನಲ್ ಗ್ರಂಥಿಯಿಂದ ಬರುವ ಗಂಡು ಹಾರ್ಮೋನನ್ನು ಕೊಬ್ಬಿನ ಕೋಶಗಳಲ್ಲಿರುವ ಅರೊಮಟೇಸ್ ಎಂಬ ಕಿಣ್ವ ಈಸ್ಟ್ರೋನ್ ಎಂಬ ಬಗೆಯ ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ಹಾಗಿದ್ದರೆ ಹೆಚ್ಚು ಕೊಬ್ಬಿದ್ದವರ ಜೀವಕೋಶ ನಿಧಾನವಾಗಿ ಮಾಗಬೇಕಿತ್ತಲ್ಲ? ಆಗುವುದು ಅದಕ್ಕೆ ತದ್ವಿರುದ್ಧ. ಈಸ್ಟ್ರೋನ್ ದುರ್ಬಲ ಹಾರ್ಮೋನು. ಅದರಿಂದ ಆಗಬಹುದಾದ ಒಳಿತಿಗಿಂತ ಕೊಬ್ಬು ಹರಡುವ ಕೆಡುಕು ದೊಡ್ಡದು. ಹೊಟ್ಟೆಯೊಳಗೆ ಕರುಳು, ಯಕೃತ್ತಿನ ಸುತ್ತ ಸೇರುವ ಕೊಬ್ಬು ಸುಮ್ಮನೆ ಕೂರುವುದಿಲ್ಲ. ಅದು ಇಂಟರ್‌ಲ್ಯೂಕಿನ್-6ನಂಥ ಉರಿಯೂತದ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ಉರಿಯೂತವಿದ್ದಾಗ ಬಿಳಿ ರಕ್ತಕಣಗಳು ಹೆಚ್ಚು ಹೆಚ್ಚು ಬೇಕಾಗುತ್ತವೆ, ಅವುಗಳ ಮೂಲಕೋಶಗಳು ಮತ್ತೆ ಮತ್ತೆ ಒಡೆಯಬೇಕಾಗುತ್ತದೆ, ಪ್ರತಿ ಬಾರಿಯೂ ತುದಿ ಸವೆಯುತ್ತದೆ. ವಿಭಜನೆ ನಿಲ್ಲಿಸಿ ಕೂತ ಮುದಿ ಕೋಶಗಳು ಕೂಡ ಅಂಥದೇ ರಾಸಾಯನಿಕಗಳನ್ನು ಉಗುಳುತ್ತಾ ಪಕ್ಕದ ಕೋಶಗಳನ್ನೂ ಕೆಡಿಸುತ್ತವೆ. ಇದಲ್ಲದೆ ಮುಟ್ಟು ನಿಂತ ಮೇಲೆ ಕೊಬ್ಬಿನಿಂದ ಹುಟ್ಟುವ ಈಸ್ಟ್ರೋಜನ್ ಸ್ತನ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರಿನ ಅಪಾಯವನ್ನೂ ಹೆಚ್ಚಿಸುತ್ತದೆ.

ಹರೆಯದಲ್ಲಿ ಈಸ್ಟ್ರೋಜನ್ ಕೊಬ್ಬನ್ನು ತೊಡೆ, ನಿತಂಬಗಳ ಕಡೆ ಕಳಿಸುತ್ತದೆ. ಅದು ಬಾಣಂತನಕ್ಕೆ, ಹಾಲೂಡಿಸುವುದಕ್ಕೆ ಇಟ್ಟ ದಾಸ್ತಾನು. ದೇಹಕ್ಕೆ ಅದರಿಂದ ಹೆಚ್ಚು ಕೇಡಿಲ್ಲ. ಈಸ್ಟ್ರೋಜನ್ ಇಳಿದ ಮೇಲೆ ಕೊಬ್ಬು ಹೊಟ್ಟೆಯೊಳಕ್ಕೆ ದಾರಿ ಹಿಡಿಯುತ್ತದೆ. ಅದೇ ಹೊತ್ತಿಗೆ ಮಾಂಸಖಂಡ ಕರಗುತ್ತಾ ಹೋಗುತ್ತದೆ. ತೂಕದ ಯಂತ್ರದಲ್ಲಿ ಎರಡು ಕಿಲೋ ಮಾತ್ರ ಹೆಚ್ಚಿದ್ದರೂ ಒಳಗೆ ಆಗಿರುವ ಬದಲಾವಣೆ ಅದಕ್ಕಿಂತ ದೊಡ್ಡದು. "ಊಟ ಅಷ್ಟೇ, ಹೊಟ್ಟೆ ಮಾತ್ರ ಬಂತು" ಎನ್ನುವ ಹೆಂಗಸಿನ ಮಾತು ನೆಪವಲ್ಲ, ಅವಳ ದೇಹದಲ್ಲಿ ನಡೆಯುತ್ತಿರುವುದರ ನೇರ ವರದಿ.

ಭಾರತೀಯ ದೇಹದಲ್ಲಿ ಈ ತೊಡಕು ಇನ್ನೂ ಮೊದಲೇ ಶುರುವಾಗುತ್ತದೆ ಎಂದು ತೋರಿಸಿದ ಕೆಲಸದಲ್ಲಿ ದೊಡ್ಡ ಪಾಲು ನಮ್ಮ ಪಕ್ಕದ ಮೈಸೂರಿನದು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಜನ ಕರೆಯುವಂತೆ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಜೋಪಾನವಾಗಿ ಬರೆದಿಟ್ಟುಕೊಂಡು ಬಂದಿತ್ತು. ಅದೇ ದಾಖಲೆಯ ಮೇಲೆ ಮುಂದೆ ಸಂಶೋಧನೆ ಬೆಳೆಯಿತು. ಹುಟ್ಟುವಾಗ ಕಡಿಮೆ ತೂಕವಿದ್ದವರಿಗೆ ನಡುವಯಸ್ಸಿನಲ್ಲಿ ಹೃದ್ರೋಗ ಹೆಚ್ಚು ಎಂದು 1996ರಲ್ಲಿ ಅದು ತಿಳಿಸಿತು. 1990ರ ದಶಕದ ಕೊನೆಯಲ್ಲಿ ಶುರುವಾದ ಮೈಸೂರು ಪಾರ್ಥೆನಾನ್ ಅಧ್ಯಯನ ಬಸುರಿಯರನ್ನೂ ಅವರ ಮಕ್ಕಳನ್ನೂ ವರ್ಷಗಟ್ಟಲೆ ಹಿಂಬಾಲಿಸಿತು. ಮೈಸೂರಿನ ಕೂಸುಗಳು ಬ್ರಿಟನ್ನಿನ ಕೂಸುಗಳಿಗಿಂತ ತೂಕದಲ್ಲಿ ಸಣ್ಣವು, ಆದರೆ ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಹೇಳಿಕೊಳ್ಳುವಂಥ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಮಾಂಸಖಂಡದಲ್ಲಿ. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಚರ್ಮದಡಿಯ ಕೊಬ್ಬೂ ಇನ್ಸುಲಿನ್ನೂ ಹೆಚ್ಚಿದ್ದವು.

ಆದ್ದರಿಂದಲೇ ಭಾರತೀಯರಿಗೆ ಬೊಜ್ಜಿನ ಗೆರೆಯನ್ನು ಕೆಳಗೆ ಎಳೆದಿದ್ದಾರೆ. ಎತ್ತರಕ್ಕೆ ತಕ್ಕ ತೂಕದ ಸೂಚಿ, ಅಂದರೆ ಬಿಎಂಐ, 30 ದಾಟಿದರೆ ಬೊಜ್ಜು ಎಂಬುದು ಯುರೋಪಿನವರ ಲೆಕ್ಕ. ನಮಗೆ 23 ದಾಟಿದರೆ ಎಚ್ಚರ, 25ಕ್ಕೆ ಬೊಜ್ಜು. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಅಂದರೆ 2019–21ರಲ್ಲಿ, ಕರ್ನಾಟಕದ ನೂರು ಹೆಂಗಸರಲ್ಲಿ ಮೂವತ್ತು ಮಂದಿಯ ಬಿಎಂಐ 25 ಅಥವಾ ಹೆಚ್ಚು. ಹಿಂದಿನ ಸಮೀಕ್ಷೆಯಲ್ಲಿ ಅದು ಇಪ್ಪತ್ಮೂರು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ ನಲವತ್ತೆಂಟರಷ್ಟು ಹೆಂಗಸರಿಗೆ ರಕ್ತಹೀನತೆ. ಎರಡನ್ನೂ ಒಟ್ಟಿಗೆ ಓದಿಕೊಳ್ಳಬೇಕು. ನಮ್ಮ ಹೆಂಗಸರು ಅತಿಯಾಗಿ ತಿನ್ನುತ್ತಿದ್ದಾರೆ ಎಂಬ ತೀರ್ಮಾನ ಇದರಿಂದ ಬರುವುದಿಲ್ಲ. ಅನ್ನ, ಸಕ್ಕರೆ, ಕರಿದದ್ದು ಹೆಚ್ಚಿ, ಕಾಳು, ಸೊಪ್ಪು, ಮೊಟ್ಟೆ, ಹಾಲು ಅವರ ತಟ್ಟೆಗೆ ಸಾಕಷ್ಟು ಬರುತ್ತಿಲ್ಲ ಎಂಬುದೇ ಹತ್ತಿರದ ವಿವರಣೆ. ಮನೆಯವರೆಲ್ಲ ಉಂಡ ಮೇಲೆ ಸಾರಿನ ತಳದಲ್ಲಿ ಕಾಳು ಉಳಿದಿರುವುದು ಅಪರೂಪ.

ಹೊಗೆಸೊಪ್ಪಿನ ನಾಡಿನಲ್ಲಿ ಇನ್ನೊಂದನ್ನು ಹೇಳದೆ ಇರಲಾಗದು. ಅದೇ ಬ್ರಿಟನ್ ಅಧ್ಯಯನದಲ್ಲಿ, ದಿನಕ್ಕೊಂದು ಪ್ಯಾಕಿನಂತೆ ಒಂದು ವರ್ಷ ಸಿಗರೇಟು ಸೇದಿದರೆ ಟೆಲೋಮಿಯರ್ 5 ಅಕ್ಷರಜೋಡಿ ಹೆಚ್ಚುವರಿಯಾಗಿ ಸವೆಯುತ್ತದೆ ಎಂದು ಕಂಡುಬಂತು. ಸೇದುವ ಹೆಂಗಸರಿಗೆ ಮುಟ್ಟು ಒಂದೆರಡು ವರ್ಷ ಬೇಗ ನಿಲ್ಲುತ್ತದೆ ಎಂಬುದೂ ಚೆನ್ನಾಗಿ ಗೊತ್ತಿರುವ ಸಂಗತಿ. ನಮ್ಮ ಹೆಂಗಸರು ಸೇದುವುದು ಕಡಿಮೆ. ಎಲೆಅಡಿಕೆಯ ಜೊತೆ ಕಡ್ಡಿಪುಡಿ, ಹೊಗೆಸೊಪ್ಪು ಹಾಕಿಕೊಳ್ಳುವವರು ಇದ್ದಾರೆ. ಬಾಯಿ ಕ್ಯಾನ್ಸರಿಗೆ ಅದು ನೇರ ದಾರಿ. ಮಂಜು, ಮಳೆಯಲ್ಲಿ ಒದ್ದೆಯಾದ ಸೊಪ್ಪು ಮುರಿಯುವಾಗ ನಿಕೋಟಿನ್ ಚರ್ಮದಿಂದಲೇ ಒಳಗಿಳಿದು ತಲೆಸುತ್ತು, ವಾಂತಿ ತರುತ್ತದೆ. ಕೈಗವಸು, ತುಂಬು ತೋಳಿನ ಅಂಗಿ ಇಲ್ಲದೆ ಬಸುರಿಯರು ಆ ಕೆಲಸಕ್ಕೆ ಇಳಿಯಲೇಬಾರದು.

ಚಿಂತೆಗೂ ಒಂದು ಹಾರ್ಮೋನಿದೆ, ಕಾರ್ಟಿಸೋಲ್. 2004ರಲ್ಲಿ ಎಲಿಸ್ಸಾ ಎಪೆಲ್ ಮತ್ತು ಬ್ಲ್ಯಾಕ್‌ಬರ್ನ್ 58 ತಾಯಂದಿರನ್ನು ನೋಡಿದರು. ಅವರಲ್ಲಿ ಹೆಚ್ಚಿನವರು ದೀರ್ಘ ಕಾಯಿಲೆಯ ಮಕ್ಕಳನ್ನು ಸಾಕುತ್ತಿದ್ದವರು. ಒತ್ತಡ ಅತಿಯಾಗಿದೆ ಎಂದು ಹೇಳಿಕೊಂಡವರ ಟೆಲೋಮಿಯರ್ ಕಡಿಮೆ ಒತ್ತಡದವರಿಗಿಂತ ಕನಿಷ್ಠ ಹತ್ತು ವರ್ಷ ಮುದಿಯಾದಷ್ಟು ಗಿಡ್ಡವಿತ್ತು. ಕಾರ್ಟಿಸೋಲ್ ದೀರ್ಘಕಾಲ ಹೆಚ್ಚಿದ್ದರೆ ಕೊಬ್ಬು ಹೊಟ್ಟೆಗೇ ಸೇರುತ್ತದೆ. ಹರಾಜಿನಲ್ಲಿ ಬೆಲೆ ಬಿದ್ದ ವರ್ಷ ಸಂಘದ ಸಾಲದ ಕಂತು ನೆನೆದು ನಿದ್ದೆಗೆಟ್ಟವರಿಗೆ "ಚಿಂತೆ ಬಿಡಿ" ಎಂದು ಹೇಳುವುದು ಸುಲಭ, ಆದರೆ ಪ್ರಯೋಜನವಿಲ್ಲ. ಅವಳ ಆರೋಗ್ಯ ಆ ಸಾಲಕ್ಕೂ ಆ ಬೆಲೆಗೂ ಕಟ್ಟಿಕೊಂಡಿದೆ ಎಂದು ಒಪ್ಪುವುದು ಮೊದಲ ಹೆಜ್ಜೆ.

ಹಾಗಾದರೆ ಟೆಲೋಮಿಯರ್ ಪರೀಕ್ಷೆ ಮಾಡಿಸಿಕೊಳ್ಳಬೇಕೇ? ಬೇಡ. ಅದು ಸಾವಿರಾರು ಜನರ ಸರಾಸರಿಯಲ್ಲಿ ಅರ್ಥ ಕೊಡುವ ಅಳತೆ, ಒಬ್ಬರ ಭವಿಷ್ಯ ಹೇಳುವುದಿಲ್ಲ. ಉದ್ದ ಟೆಲೋಮಿಯರ್ ಎಂದರೆ ಎಲ್ಲ ಒಳ್ಳೆಯದೆಂದೂ ಅಲ್ಲ. ಕೆಲವು ಕ್ಯಾನ್ಸರುಗಳ ಅಪಾಯ ಅಂಥವರಲ್ಲೇ ಹೆಚ್ಚು. ತೂಕ ಇಳಿಸಿದೊಡನೆ ಜೀವಕೋಶ ಎಳೆಯದಾಗುತ್ತದೆ ಎಂಬ ಜಾಹೀರಾತನ್ನೂ ನಂಬಬೇಕಿಲ್ಲ. ಮುಟ್ಟು ನಿಂತ 439 ಹೆಂಗಸರಿಗೆ ಒಂದು ವರ್ಷ ಪಥ್ಯ, ವ್ಯಾಯಾಮ ಮಾಡಿಸಿ ನೋಡಿದ ಪ್ರಯೋಗದಲ್ಲಿ ತೂಕ ಇಳಿಯಿತು, ಟೆಲೋಮಿಯರ್ ಬದಲಾಗಲಿಲ್ಲ. ಹಾರ್ಮೋನು ಮಾತ್ರೆ ಎಲ್ಲರಿಗೂ ಅಲ್ಲ ಎಂಬುದನ್ನು ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ನಡೆದು 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದ ಪ್ರಯೋಗ ಕಲಿಸಿತು: ಮುಟ್ಟು ನಿಂತು ಬಹುಕಾಲವಾದವರೂ ಸೇರಿದ್ದ ಆ ಗುಂಪಿನಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಹೆಚ್ಚಿದವು. ನಲವತ್ತೈದರೊಳಗೆ ಮುಟ್ಟು ನಿಂತವರ ಮಾತು ಬೇರೆ. ತಡೆಯುವ ಬೇರೆ ಕಾರಣ ಇಲ್ಲದಿದ್ದರೆ ಅವರಿಗೆ ಸಹಜ ವಯಸ್ಸಿನವರೆಗೆ ಈಸ್ಟ್ರೋಜನ್ ಕೊಡುವುದು ಇಂದಿನ ವೈದ್ಯಶಾಸ್ತ್ರದ ಸಾಮಾನ್ಯ ಸಲಹೆ. ಸ್ತ್ರೀರೋಗ ತಜ್ಞರನ್ನು ಕೇಳಿಯೇ ನಿರ್ಧರಿಸಬೇಕು.

ನಮ್ಮ ಕೈಗೆಟಕುವ ಅಳತೆ ಬೇರೆ ಇದೆ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ತರುವ ನಮೂನೆಯಲ್ಲಿ ವಯಸ್ಸು, ತಂಬಾಕು, ಮದ್ಯ, ದೇಹಶ್ರಮ, ಮನೆತನದ ಕಾಯಿಲೆಗಳ ಜೊತೆ ಸೊಂಟದ ಸುತ್ತಳತೆಯ ಒಂದು ಸಾಲೂ ಇದೆ. ಹೆಂಗಸರಿಗೆ 80 ಸೆಂಟಿಮೀಟರ್‌ವರೆಗೆ ಸೊನ್ನೆ, 81ರಿಂದ 90ಕ್ಕೆ ಒಂದು ಅಂಕ, 90 ದಾಟಿದರೆ ಎರಡು. ಒಟ್ಟು ಅಂಕ ನಾಲ್ಕು ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಟೇಪನ್ನು ಸೀರೆಯ ನೆರಿಗೆಯ ಮೇಲೆ ಸುತ್ತಿದರೆ ಅಳತೆ ತಪ್ಪುತ್ತದೆ. ನೆರಿಗೆ ಸ್ವಲ್ಪ ಕೆಳಗೆ ಸರಿಸಿ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ, ಬಿಗಿಯದೆ ಅಳೆಯಬೇಕು. ಅರ್ಧ ನಿಮಿಷದ ಕೆಲಸ. ಅದರ ಪಕ್ಕದಲ್ಲೇ ಇನ್ನೆರಡು ಪ್ರಶ್ನೆ ಸೇರಿಸಿದರೆ ಸಾಕು: ಮುಟ್ಟು ಎಷ್ಟನೇ ವಯಸ್ಸಿಗೆ ನಿಂತಿತು? ತಾನಾಗಿಯೋ, ಆಪರೇಷನ್‌ನಿಂದಲೋ?

ಈ ಮೂರು ಉತ್ತರ ಕೈಯಲ್ಲಿದ್ದರೆ ಮುಂದಿನ ದಾರಿ ಅಸ್ಪಷ್ಟವಲ್ಲ. ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ತಪಾಸಣೆ. ಮುದ್ದೆ, ಅನ್ನದ ಜೊತೆ ದಿನವೂ ಹುರುಳಿ, ಅವರೆ, ಹೆಸರುಕಾಳು, ಆದವರಿಗೆ ಮೊಟ್ಟೆ. ಅದೂ ಮಿಕ್ಕಿದ್ದಲ್ಲ, ಅವಳ ಪಾಲಿನದು. ಕೂತು ಸೊಪ್ಪು ಕಟ್ಟುವ ದಿನಗಳಲ್ಲಿ ಅರ್ಧ ಗಂಟೆ ಬಿರುಸಿನ ನಡಿಗೆ, ತೋಳು ತೊಡೆಗಳಿಗೆ ಬಲ ಬೀಳುವ ಕಸರತ್ತು. ಟೆಲೋಮಿಯರ್ ಉದ್ದವಾಗದಿದ್ದರೂ ಸಕ್ಕರೆ, ಬಿಪಿ, ಮೂಳೆ, ನಿದ್ದೆಗಳಲ್ಲಿ ಇದರ ಫಲ ತಿಂಗಳುಗಳಲ್ಲೇ ಕಾಣಲು ತೊಡಗುತ್ತದೆ. ಗರ್ಭಕೋಶ ತೆಗೆಸಲು ಹೇಳಿದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು, "ಅಂಡಾಶಯ ಉಳಿಸುತ್ತೀರಾ?" ಎಂದು ಬಾಯಿಬಿಟ್ಟು ವಿಚಾರಿಸುವುದು ಪ್ರತಿ ಹೆಣ್ಣಿನ ಹಕ್ಕು. ಅವಳು ಕೇಳಲು ಅಳುಕಿದರೆ ಜೊತೆಗೆ ಹೋದ ಗಂಡನೋ ಮಗಳೋ ಕೇಳಬೇಕು. ನಲವತ್ತೈದರ ಹೆಂಗಸು ಮೈಗೆ ಹುಷಾರಿಲ್ಲ ಎಂದಾಗ "ವಯಸ್ಸಾಯ್ತಲ್ಲ" ಎನ್ನುವುದು ಉತ್ತರವಲ್ಲ. ಅವಳ ಮುಂದೆ ಇನ್ನೂ ಮೂವತ್ತು ವರ್ಷದ ಬದುಕಿದೆ. ಅದನ್ನು ಗಟ್ಟಿಮುಟ್ಟಾಗಿ ಕಳೆಯಲು ಬೇಕಾದ ತಿಳಿವಳಿಕೆ ಈಗಾಗಲೇ ನಮ್ಮಲ್ಲಿದೆ. ಅದು ಅವಳಿಗೆ ಸಲ್ಲಬೇಕು.